ಹಂಸಪಕ್ಷ ಮತ್ತು ಒಂದು ತಟ್ಟೆ ಕಜ್ಜಾಯ

ಹೊಸಬರು ಪರಿಚಯವಾದಾಗ ಕೆಲವರು ಊರು ಕೇಳುತ್ತಾರೆ, ಕೆಲವರು ಮನೆತನ ಕೇಳುತ್ತಾರೆ. ಧೈರ್ಯ ಹೆಚ್ಚಾಗಿರುವವರು ಸಂಬಳವನ್ನೂ ಕೇಳಿಬಿಡುತ್ತಾರೆ. ನಾನು ಇವಾವುದನ್ನೂ ಕೇಳುವವನಲ್ಲ. ಅವರ ಬಳಿ ಯಾವ ಕಂಪ್ಯೂಟರ್ ಇದೆ ಎಂಬುದನ್ನಷ್ಟೇ ಗಮನಿಸುತ್ತೇನೆ. ಮಿಕ್ಕ ಗುಣಾವಗುಣಗಳೆಲ್ಲ ಅದರಿಂದ ತಾವಾಗಿಯೇ ತಿಳಿದುಬರುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮದ್ದೂರಿನ ಪ್ರೌಢಶಾಲೆಯೊಂದರಲ್ಲಿ ಬಹುಕಾಲ ಕನ್ನಡ ವ್ಯಾಕರಣ ಕಲಿಸಿ, ಅವಧಿಗೆ ಮೊದಲೇ ಸ್ವಯಂನಿವೃತ್ತಿ ಪಡೆದವನು ನಾನು. ಆಗ ಮಕ್ಕಳನ್ನು ಅವರ ವಾಕ್ಯಗಳಿಂದ ಅಳೆಯುತ್ತಿದ್ದೆ. ಈಗ ದೊಡ್ಡವರನ್ನು ಅವರ ಯಂತ್ರಗಳಿಂದ ಅಳೆಯುತ್ತೇನೆ. ಅಳತೆಯ ಕೋಲು ಬದಲಾಗಿದೆಯೇ ಹೊರತು ಅಳೆಯುವ ಚಟ ಬದಲಾಗಿಲ್ಲ.

ನನ್ನ ಕಂಪ್ಯೂಟರನ್ನು ತಯಾರಿಸಿದ ಕಂಪನಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ, ಹೇಳಿದರೆ ಜಾಹೀರಾತೆಂದುಕೊಳ್ಳುತ್ತೀರಿ. ಮುಚ್ಚಳದ ಮೇಲೆ ಬೆಳ್ಳಿಬಣ್ಣದ ಹಂಸದ ಗುರುತಿರುವುದರಿಂದ ಮನೆಯಲ್ಲಿ ಅದಕ್ಕೆ ಹಂಸವೆಂದೇ ಹೆಸರಾಗಿದೆ. ಬೇರೆ ಕಂಪನಿಗಳ ಯಂತ್ರಗಳು ಶುರುವಾದೊಡನೆ ಆಲೆಮನೆಯ ಗಾಣದಂತೆ ಗೊರಗುಟ್ಟುತ್ತವೆ. ಹಂಸ ಉಸಿರು ಬಿಟ್ಟದ್ದೂ ಕೇಳಿಸುವುದಿಲ್ಲ. ಅದು ಬಂದ ರಟ್ಟಿನ ಪೆಟ್ಟಿಗೆಯನ್ನು ಬೀರುವಿನ ಮೇಲೆ ಜೋಪಾನವಾಗಿ ಇಟ್ಟಿದ್ದೇನೆ. ಹಳೆಯ ಮೆತ್ತನೆಯ ಪಂಚೆಯ ತುಂಡಿನಿಂದಲ್ಲದೆ ಬೇರೆ ಯಾವ ಬಟ್ಟೆಯಿಂದಲೂ ಅದನ್ನು ಒರೆಸಿದವನಲ್ಲ. ಒಮ್ಮೆ ಅದು ಮೂರು ದಿನ ಕಣ್ಣು ತೆರೆಯಲಿಲ್ಲ. ಕೆಟ್ಟಿತೆಂದು ನಾನು ಯಾರೊಡನೆಯೂ ಹೇಳಲಿಲ್ಲ, ವಿಶ್ರಮಿಸಿಕೊಳ್ಳುತ್ತಿದೆ ಎಂದೆ.

ನನ್ನಾಕೆಗೆ ಈ ಭಕ್ತಿ ಹಿಡಿಸುವುದಿಲ್ಲ. ಬೆಳಿಗ್ಗೆ ಡೈರಿಯ ಹಾಲು ತಂದು ಪಾತ್ರೆಯನ್ನು ನನ್ನ ಮೇಜಿನ ಪಕ್ಕದಲ್ಲೇ ಕುಕ್ಕಿ, “ರೀ, ನಿಮ್ಮ ಅಂಸನ ಒಸಿ ಕೇಳಿ, ಇದ್ರಲ್ಲಿ ಹಾಲೆಷ್ಟು ನೀರೆಷ್ಟು ಅಂತ. ಅದೊಂದು ಏಳ್‌ಬುಟ್ರೆ ನಾನೂ ದಿನಾ ಅರಿಸ್ನ ಕುಂಕ್ಮ ಇಡ್ತೀನಿ,” ಎನ್ನುತ್ತಾಳೆ. ಆಗ ನಾನು ಹಂಸದ ನಿಜವಾದ ಗುಣಗಳನ್ನು ಮೊದಲಿನಿಂದ ವಿವರಿಸಬೇಕಾಗುತ್ತದೆ. ವಿವರಿಸುವಾಗ ನನ್ನ ಬಲಗೈಗೆ ಏನಾದರೊಂದು ಬೇಕು. ಶಾಲೆಯಲ್ಲಿ ಸೀಮೆಸುಣ್ಣವಿತ್ತು. ಮನೆಯಲ್ಲಿ ಅದಿಲ್ಲದ ಕಾರಣ ಕೋಡುಬಳೆಯೋ ಹುರಿದ ಕಡಲೆಕಾಯಿಯೋ ಕೈಗೆ ಬರುತ್ತದೆ, ಬಂದದ್ದು ಬಾಯಿಗೆ ಹೋಗುತ್ತದೆ. ವಿವರಣೆ ಮುಗಿದ ಮೇಲೆ ಡಬ್ಬಿ ಖಾಲಿಯಾದದ್ದು ಯಾರಿಂದ ಎಂಬ ಚರ್ಚೆ ಏಳುತ್ತದೆ. ನಮ್ಮ ಮಗಳು ಸುಮಾ ಮಾತ್ರ ಚರ್ಚೆಗೆ ಬಾರದೆ, ನಗುತ್ತಾ ಡಬ್ಬಿ ತೊಳೆದಿಡುತ್ತಿದ್ದಳು. ಆ ನಗುವನ್ನು ನಾನು ಆಗಲೇ ಪರಿಶೀಲಿಸಬೇಕಾಗಿತ್ತು.

ಸುಮಾ ಮಂಡ್ಯದ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಾಳೆ. ಅವಳಿಗೆ ಗಂಡು ನೋಡಲು ತೊಡಗಿದಾಗ ನನ್ನ ಅಳತೆಯ ಕೋಲಿಗೆ ಭಾರಿ ಕೆಲಸ ಬಂತು. ನಿಡಘಟ್ಟದ ಒಬ್ಬ ಹುಡುಗನ ಬಳಿ ಇದ್ದುದು ಗಾಣದ ಜಾತಿಯ ಯಂತ್ರ. ಜಾತಕ ಕೂಡಲಿಲ್ಲವೆಂದು ಹೇಳಿ ಕಳುಹಿಸಿದೆ. ಮಂಡ್ಯದ ಇನ್ನೊಬ್ಬನ ಬಳಿ ಹಂಸವೇ ಇತ್ತು, ಆದರೆ ಅದರ ಪರದೆಯ ಮೇಲೆಲ್ಲ ಬೆರಳ ಗುರುತು. ಯೋಚಿಸಿ ತಿಳಿಸುತ್ತೇನೆಂದು ಹೇಳಿ ನಾನು ಯೋಚಿಸುತ್ತಿದ್ದಾಗಲೇ ಅವನಿಗೆ ಬೇರೆ ಕಡೆ ಮದುವೆಯಾಗಿ ಹೋಯಿತು. ಮೂರನೆಯದಾಗಿ ಮಳವಳ್ಳಿಯ ಸಂಬಂಧ ಬಂತು. ಹುಡುಗ ಕಿರಣ, ಪಶುವೈದ್ಯ. ಮನೆಯಲ್ಲಿ ಕಬ್ಬು, ಭತ್ತದ ಬೇಸಾಯ. ಅವನು ಬಂದು ಹೋದ ಮೇಲೆ ಸುಮಾ ನನ್ನೆದುರು ಕುಳಿತು, “ಅಪ್ಪ, ನಂಗೆ ಇವ್ರು ಒಪ್ಪಿಗೆ. ಈ ಸಲ ಜಾತಕ ಅನ್ಬೇಡಿ, ಯೋಚ್ನೆ ಮಾಡ್ತೀನಿ ಅಂತ್ಲೂ ಅನ್ಬೇಡಿ,” ಎಂದಳು. ಕಣ್ಣು ತುಂಬಿತ್ತು. ನಾನು, “ಮನೆ ನೋಡಿ ಬರುತ್ತೇನೆ,” ಎಂದಷ್ಟೇ ಹೇಳಿದೆ.

ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಹೋಗುವಾಗ ನಮ್ಮವರಲ್ಲಿ ಒಂದು ಪದ್ಧತಿಯಿದೆ. ನೀರು ಕುಡಿಯಬಹುದು, ಕಾಫಿ ಕುಡಿಯಬಹುದು. ಸಿಹಿ ಮಾತ್ರ ತಿನ್ನುವಂತಿಲ್ಲ. ತಿಂದರೆ ಸಂಬಂಧ ಒಪ್ಪಿದಂತೆ, ಮತ್ತೆ ಹಿಂದೆಗೆಯುವ ಮಾತಿಲ್ಲ. ದಾರಿಯುದ್ದಕ್ಕೂ ನನ್ನ ಭಾವಮೈದ ಸಿದ್ದೇಗೌಡ ಇದನ್ನೇ ಹೇಳುತ್ತಾ ಬಂದ. “ಬಾವ, ಮೊದ್ಲೇ ಏಳಿವ್ನಿ. ಮನ್ಸಿಗೆ ಬರ್ನಿಲ್ವಾ, ಕಾಪಿ ಕುಡ್ದು ಎದ್‌ಬುಡಿ. ತಟ್ಟೆಗೆ ಕೈ ಆಕುದ್ರೋ, ಮುಗೀತು ಕತೆ.” ನಿಯಮಗಳನ್ನು ಇನ್ನೊಬ್ಬರಿಂದ ಕಲಿಯಬೇಕಾದ ಸ್ಥಿತಿ ನನಗಿನ್ನೂ ಬಂದಿಲ್ಲವೆಂದು ಅವನಿಗೆ ತಿಳಿಸಿದೆ.

ಮನೆ ಚೆನ್ನಾಗಿತ್ತು. ಜನ ಚೆನ್ನಾಗಿದ್ದರು. ಆದರೆ ಪಡಸಾಲೆಯ ಮೇಜಿನ ಮೇಲೆ, ನಾನು ಕುಳಿತ ಕುರ್ಚಿಯ ಎದುರಿಗೇ, ಇಟ್ಟಿಗೆಯಷ್ಟು ದಪ್ಪನೆಯ ಕಪ್ಪು ಯಂತ್ರವೊಂದು ಗೊರಗುಟ್ಟುತ್ತಿತ್ತು. ಕೀಲಿಗಳ ಮೇಲಿನ ಅಕ್ಷರಗಳು ಸವೆದುಹೋಗಿದ್ದವು. ಒಂದು ಮೂಲೆಗೆ ಅಂಟುಪಟ್ಟಿ ಸುತ್ತಿದ್ದರು. ನನ್ನ ತೀರ್ಮಾನ ಅಲ್ಲಿಯೇ ಆಗಿಹೋಯಿತು. “ಸಂಬಂಧ ಉತ್ತಮವಾದದ್ದೇ, ಆದರೆ ಕಾಲ ಕೂಡಿಬಂದಿಲ್ಲ” ಎಂಬ ವಾಕ್ಯವನ್ನು ಮನಸ್ಸಿನಲ್ಲೇ ರಚಿಸಿ, ತಿದ್ದಿ ಇಟ್ಟುಕೊಂಡೆ. ಸುಮಾಳ ತುಂಬಿದ ಕಣ್ಣು ನೆನಪಾಯಿತು. ನೆನಪನ್ನು ಪಕ್ಕಕ್ಕೆ ಸರಿಸಿದೆ. ಕಾಫಿ ಬಂತು, ಕುಡಿದೆ. ಕಜ್ಜಾಯದ ತಟ್ಟೆ ಬಂದು ನನ್ನ ಬಲಗಡೆಯ ಸ್ಟೂಲಿನ ಮೇಲೆ ಕುಳಿತಿತು. ಅದರ ಕಡೆ ನೋಡಲಿಲ್ಲ.

ವಾಕ್ಯವನ್ನು ಇನ್ನೇನು ಹೇಳಬೇಕು, ಅಷ್ಟರಲ್ಲಿ ಕಿರಣ ಬಹಳ ವಿನಯದಿಂದ, “ಸಾರ್, ಒಂದು ಡೌಟು. ನಿಮ್ಮ ಹಂಸಕ್ಕೂ ಈ ಡಬ್ಬಕ್ಕೂ ಅಂಥಾ ವ್ಯತ್ಯಾಸ ಏನಿದೆ? ಎರಡ್ರಲ್ಲೂ ಒತ್ತಿದ್ರೆ ಅದೇ ಅಕ್ಷರ ತಾನೆ ಬರೋದು?” ಎಂದ.

ಇಂತಹ ಮಾತನ್ನು ಕೇಳಿ ಸುಮ್ಮನಿರುವುದು ಕಲಿಸುವ ವೃತ್ತಿಗೇ ಅವಮಾನ. ನಾನು ಆರಂಭಿಸಿದೆ. ಪರದೆಯ ಕಾಂತಿ, ಕೀಲಿಗಳ ಮೃದುತ್ವ, ಮುಚ್ಚಳವನ್ನು ಒಂದೇ ಬೆರಳಿನಿಂದ ಎತ್ತಬಲ್ಲ ಸಮತೋಲನ, ಇವುಗಳನ್ನು ಒಂದಾದ ಮೇಲೊಂದರಂತೆ ನಿರೂಪಿಸಿದೆ. ಅವನು ನಡುನಡುವೆ ಸಣ್ಣ ಸಣ್ಣ ಆಕ್ಷೇಪಣೆ ಎತ್ತುತ್ತಿದ್ದ, ನಾನು ಖಂಡಿಸುತ್ತಿದ್ದೆ. ಶಾಲೆ ಬಿಟ್ಟ ಮೇಲೆ ಅಷ್ಟು ಸೊಗಸಾಗಿ ಮಾತನಾಡಿದ್ದು ಅದೇ ಮೊದಲು. ಬ್ಯಾಟರಿಯ ಆಯುಷ್ಯದ ವಿಷಯಕ್ಕೆ ಬಂದಾಗ ಸಭೆ ವಿಪರೀತ ಮೌನವಾಗಿರುವುದು ಅರಿವಿಗೆ ಬಂತು. ನನ್ನ ವಾದಕ್ಕೆ ತಲೆದೂಗಿದ್ದಾರೆಂದು ಭಾವಿಸಿದೆ.

“ಬಾವ,” ಎಂದ ಸಿದ್ದೇಗೌಡ, “ಸಾಕು ನಿಲ್ಸಿ. ತಟ್ಟೆ ಬರಿದಾಯ್ತು.”

ಹುಡುಗನ ತಾಯಿ ಬಾಗಿಲ ಬಳಿಯಿಂದ ಮುಖವರಳಿಸಿಕೊಂಡು ಬಂದರು. “ಇನ್ನೊಂದೆಲ್ಡು ಆಕ್ಲಾ, ಬೀಗ್ರೆ?”

ಬೀಗರೇ ಎಂಬ ಆ ಸಂಬೋಧನೆಯನ್ನು ತಿದ್ದಲು ಹೊರಟೆ, ಬಾಯಲ್ಲಿ ಕಜ್ಜಾಯವಿತ್ತು. ನಿಯಮವೆಂದರೆ ನಿಯಮ. ಲಗ್ನ ನಿಶ್ಚಯವಾಯಿತು, ಮದುವೆಯೂ ಆಯಿತು.

ಮದುವೆಯ ತರುವಾಯ ಮೊದಲ ಸಲ ಮಗಳ ಮನೆಗೆ ಹೋದಾಗ ಪಡಸಾಲೆಯಲ್ಲಿ ಕಪ್ಪು ಡಬ್ಬ ಕಾಣಲಿಲ್ಲ. ಅಳಿಯನ ಕೋಣೆಯ ಮೇಜಿನ ಮೇಲೆ ಬೆಳ್ಳಿಬಣ್ಣದ ಹಂಸವೊಂದು ರೆಕ್ಕೆ ಮಡಿಸಿ ಕುಳಿತಿತ್ತು. ನನ್ನದಕ್ಕಿಂತ ಹೊಸದು. ಪರದೆಯ ಮೇಲೆ ಒಂದು ಬೆರಳ ಗುರುತಿಲ್ಲ. ಪಕ್ಕದಲ್ಲಿ ಮೆತ್ತನೆಯ ಪಂಚೆಯ ತುಂಡು. ಸುಮಾಳ ಮುಖ ನೋಡಿದೆ. ಅದೇ ಹಳೆಯ ನಗು.

“ಅದು ಇವ್ರ ಆಫೀಸಿನ ಡಬ್ಬ ಅಪ್ಪ, ಅವತ್ತಿಗೆ ಅಂತ ತಂದಿದ್ರು. ಹಂಸ ಇಟ್ಟಿದ್ರೆ ನೀವು ‘ಒಳ್ಳೇದು’ ಅಂದು ಸುಮ್ನೆ ಕೂರ್ತಿದ್ರಿ. ಆಮೇಲೆ ತಪ್ಪು ಹುಡ್ಕಿ, ಯೋಚ್ನೆ ಮಾಡ್ತೀನಿ ಅಂತ ಎದ್ದು ಬರ್ತಿದ್ರಿ. ಜಗಳ ಆಡೋಕೆ ಏನಾದ್ರೂ ಇದ್ರೆ ತಾನೆ ನಿಮ್ಮ ಕೈ ತಟ್ಟೆಗೆ ಹೋಗೋದು?”

ಹುಡುಗ ಅಂದು ‘ನಿಮ್ಮ ಹಂಸ’ ಎಂದಿದ್ದು ಆಗ ನೆನಪಿಗೆ ಬಂತು. ನಮ್ಮ ಮನೆಯೊಳಗಿನ ಹೆಸರು ಅವನಿಗೆ ಹೇಗೆ ತಿಳಿಯಿತೆಂದು ಅಲ್ಲಿಯೇ ಕೇಳಬೇಕಾಗಿತ್ತು. ಕೇಳಲು ಬಾಯಿ ಬಿಡುವಾಗಿರಲಿಲ್ಲ.

ಕೋಪ ಮಾಡಿಕೊಳ್ಳೋಣವೆಂದರೆ, ಅಳಿಯನಲ್ಲಿ ಹೆಸರಿಸಬಹುದಾದ ದೋಷವೊಂದೂ ಇಲ್ಲ. ಅದೇ ಈಗಿನ ತೊಂದರೆ. ನಾನು ಹಂಸದ ಪರದೆಯನ್ನು ಹೊಗಳಿದರೆ ಅವನೂ, “ಹೌದು ಮಾವ” ಎನ್ನುತ್ತಾನೆ. ಕೀಲಿಗಳನ್ನು ಹೊಗಳಿದರೆ, “ಅದಂತೂ ನಿಜ ಮಾವ” ಎನ್ನುತ್ತಾನೆ. ಅಲ್ಲಿಗೆ ಮಾತು ಮುಗಿಯುತ್ತದೆ. ಮಾವ ಅಳಿಯ ಎದುರುಬದುರು ಕುಳಿತು ಫ್ಯಾನು ತಿರುಗುವುದನ್ನು ನೋಡುತ್ತೇವೆ. ಪಕ್ಕದ ಸ್ಟೂಲಿನ ಮೇಲೆ ಬೀಗಿತಿಯವರು ಇಟ್ಟ ಕಜ್ಜಾಯ ಇಟ್ಟ ಹಾಗೆಯೇ ಇರುತ್ತದೆ. “ಯಾಕೋ ಬೀಗ್ರು ಈಚೀಚ್ಗೆ ಏನೂ ತಿನ್ನಾಕಿಲ್ಲ, ಮೈಗೆ ಉಸಾರಿಲ್ವೇನೋ,” ಎಂದು ಅವರು ಅಡುಗೆಮನೆಯಲ್ಲಿ ಮರುಗುವುದು ನನಗೆ ಕೇಳಿಸುತ್ತದೆ. ಆ ಕಪ್ಪು ಡಬ್ಬವನ್ನು ಆಫೀಸಿನಿಂದ ಒಮ್ಮೊಮ್ಮೆ ಮನೆಗೆ ತರಲು ಸಾಧ್ಯವೇ ಎಂದು ಅಳಿಯನನ್ನು ಕೇಳಬೇಕೆಂದಿದ್ದೇನೆ. ಕೇಳುವ ವಾಕ್ಯ ಮಾತ್ರ ಇನ್ನೂ ಸಿದ್ಧವಾಗಿಲ್ಲ.