ಉಜ್ಜಿ ಉಜ್ಜಿ ಉಳಿಸಿದ ಕಾರು

ನನಗೊಂದು ಕೆಟ್ಟ ಗುಣವಿದೆ. ತುಕ್ಕು ಕಂಡರೆ ಕೈ ಸುಮ್ಮನಿರುವುದಿಲ್ಲ. (ಕಿಟಕಿ ಸರಳಿನ ತುಕ್ಕು ಮಾತ್ರ ನನ್ನ ಕಣ್ಣಿಗೆ ಬೀಳುವುದಿಲ್ಲವೆಂದು ಹೆಂಡತಿಯ ದೂರು.) ಈ ಗುಣವೇ ಐವತ್ತರ ದಶಕದ ಅಮೆರಿಕನ್ ಕಾರೊಂದನ್ನು ನಮ್ಮ ಅಂಗಳಕ್ಕೆ ಎಳೆತಂದಿತು. ಎಳೆದೇ ತಂದದ್ದು, ಅದಕ್ಕೆ ಎಂಜಿನ್ ಇತ್ತೇ ಹೊರತು ಜೀವವಿರಲಿಲ್ಲ. ಹಿಂದೆ ಎರಡು ರೆಕ್ಕೆ, ಎಡಗಡೆ ಸ್ಟೇರಿಂಗು, ಮುಂದಿನ ಸೀಟಿನಲ್ಲೇ ಒಂದು ಸಂಸಾರ ಮಲಗುವಷ್ಟು ಜಾಗ. ನಾಚಿಕೆ ಬಿಟ್ಟು ಹೇಳುತ್ತೇನೆ, ಮದುವೆಯ ದಿನವೂ ನನ್ನ ಎದೆ ಹಾಗೆ ಹೊಡೆದುಕೊಂಡಿರಲಿಲ್ಲ.

ಜೀರ್ಣೋದ್ಧಾರ ಕಾರ್ಯ ಮೂರು ವರ್ಷ ನಡೆಯಿತು. ರಜೆಗಳೆಲ್ಲ ಅದರ ಹೊಟ್ಟೆಯಡಿ ಕಳೆದವು. ಅಂಗಳದಲ್ಲಿ ಜಾಗವಿಲ್ಲದೆ ಹೆಂಡತಿ ಒದ್ದೆ ಬಟ್ಟೆಯನ್ನು ಕಾರಿನ ಮೇಲೆಯೇ ಹರವುತ್ತಿದ್ದಳು. ಕೊನೆಗೊಂದು ದಿನ ತೀರ್ಪು ಹೊರಬಿತ್ತು.

"ರೀ, ಈ ತಿಂಗಳೊಳಗೆ ಇದಕ್ಕೆ ನಂಬರ್ ಪ್ಲೇಟು ಬರ್ಬೇಕು. ಇಲ್ಲಾಂದ್ರೆ ಗುಜರಿಯವನು ಬರ್ತಾನೆ."

"ಇದು ಗುಜರಿಯಲ್ಲ ಕಣೇ, ಪರಂಪರೆ."

"ಪರಂಪರೇನೂ ಕಬ್ಬಿಣದ್ದೇ ತಾನೆ? ತೂಕಕ್ಕೆ ಹಾಕ್ತಾರೆ ಬಿಡಿ."

ಅಂತೂ ಕಾರು ಸ್ವಂತ ಬಲದಿಂದ (ಮತ್ತು ಇಳಿಜಾರಿನ ಕೃಪೆಯಿಂದ) ನೋಂದಣಿ ಕಚೇರಿ ಸೇರಿತು. ತಳ್ಳಬೇಕಾಗಿ ಬಂದರೆ ಇರಲಿ ಎಂದು ಹೆಂಡತಿಯನ್ನೂ ಕರೆದುಕೊಂಡಿದ್ದೆ. ಇನ್‌ಸ್ಪೆಕ್ಟರು ಹಳೆಯ ಆರ್‌ಸಿ ಪುಸ್ತಕ ಹಿಡಿದು ಬಾನೆಟ್ಟಿನೊಳಗೆ ಬಗ್ಗಿದರು. ಇನ್ನೂ ಬಗ್ಗಿದರು.

"ಚಾಸಿ ನಂಬರ್ ಎಲ್ರೀ?"

ಕಾರಿನ ಚೌಕಟ್ಟಿನಲ್ಲಿ ಆ ನಂಬರು ಕೊರೆದಿರಬೇಕೆಂದು ಅವರು ಬೆರಳಿಟ್ಟ ಜಾಗ ಫಳಫಳ ಹೊಳೆಯುತ್ತಿತ್ತು. ಅದರಲ್ಲಿ ನನ್ನ ಮುಖ ಕಂಡಿತು, ನಂಬರು ಕಾಣಲಿಲ್ಲ. ಅಲ್ಲಿ ಏನೋ ಗೀರುಗಳಿದ್ದದ್ದು ಆಗ ನೆನಪಾಯಿತು. ಮೊಂಡು ತುಕ್ಕೆಂದು ಗ್ರೈಂಡಿಂಗ್ ಮೆಷಿನ್ ತಂದು ಎರಡು ಭಾನುವಾರ ಬಿಡದೆ ತಿಕ್ಕಿದ್ದೆ.

"ಉಜ್ಜಿಬಿಟ್ಟೆ ಸಾರ್."

"ನಂಬರ್ ಉಜ್ಜೋರು ಯಾರು ಗೊತ್ತಾ? ಕಾರು ಕದಿಯೋರು."

ನಂಬರಿಲ್ಲದ ಕಾರು ಕಾಯಿದೆಯ ಕಣ್ಣಿಗೆ ಕಾರೇ ಅಲ್ಲ. ಮೂರು ವರ್ಷ ಮೈಮುರಿದು ದುಡಿದು ನನ್ನ ತಲೆಯ ಮೇಲೆ ನಾನೇ ಚಪ್ಪಡಿ ಎಳೆದುಕೊಂಡಿದ್ದೆ. ಅಳು ಬರುವುದೊಂದೇ ಬಾಕಿ, ಅದೂ ಬಂತು.

ಆಗ ಹೆಂಡತಿ ಕೈಚೀಲದಿಂದ ಮಡಿಸಿದ ಕಾಗದವೊಂದನ್ನು ತೆಗೆದಳು. ಕೊರೆದ ಅಂಕಿಗಳ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಮೂಡಿಸಿದ ಚಾಸಿ ನಂಬರು, ಒಂದಂಕಿಯೂ ಬಿಡದೆ.

"ಇದು ನಿನ್ನ ಹತ್ರ ಹೇಗೆ ಬಂತೇ?"

"ಕಾರು ಬಂದ ವಾರದಲ್ಲೇ ತಗೊಂಡಿದ್ದು. ಗುಜರಿಯವನು ಕೇಳಿದ್ದ. ಇವತ್ತು ಕೆಲ್ಸ ಆಗ್ದಿದ್ರೆ ಹಾಗೇ ಅವನ ಹತ್ರ ಹೋಗೋಣ ಅಂತ ತಂದೆ."

ಮೂರು ವರ್ಷದ ಪಿತೂರಿ. ಕೋಪ ಬರಬೇಕಿತ್ತು, ಅವಳ ಕಾಲಿಗೆ ಬೀಳೋಣವೆನಿಸಿತು.

ಇನ್‌ಸ್ಪೆಕ್ಟರು ಅಂಕಿ ಅಂಕಿಯನ್ನೂ ಪುಸ್ತಕದೊಡನೆ ತಾಳೆ ನೋಡಿದರು. "ಸರಿಯಿದೆ. ನಂಬರ್ ಮತ್ತೆ ಕೊರೆಸೋಕೆ ಬರ್ಕೊಡ್ತೀನಿ. ಆದ್ರೆ ಅಳಿಸಿದವ್ರ ಹೆಸರಿಗೆ ಗಾಡಿ ಮಾಡ್ಕೊಡೋಕೆ ನಂಗೆ ಧೈರ್ಯ ಇಲ್ಲ. ಉಳಿಸಿದವ್ರ ಹೆಸರಿಗೆ ಆಗ್ಬಹುದು."

ಸಹಿ ಹಾಕಿಕೊಟ್ಟೆ. ಕಾರು ಉಳಿಯಿತು, ವಾರದಲ್ಲಿ ಪ್ಲೇಟೂ ಬಂತು. ಮರುದಿನ ಬೆಳಿಗ್ಗೆ ಹಳೆಬಟ್ಟೆ ಹಿಡಿದು ಬಾನೆಟ್ ಒರೆಸಲು ಹೊರಟೆ. ಬಾಗಿಲಿನಿಂದ ಮಾಲೀಕರ ಧ್ವನಿ ಕೇಳಿತು.

"ರೀ, ಕೈಯಲ್ಲಿರೋದನ್ನ ಅಲ್ಲೇ ಇಡಿ. ಇನ್ಮೇಲೆ ಅದನ್ನ ಮುಟ್ಟೋ ಮುಂಚೆ ನನ್ನ ಒಂದ್ ಮಾತು ಕೇಳ್ಬೇಕು."