ಖಾಲಿ ಕೊಡ ಹಿಡಿದು ಗ್ರಾಮಸಭೆಗೆ

ಯಾರ ಕಾಲೂ ಹಿಡಿಯದೆ ನಮ್ಮ ಮನೆಗಳಿಗೆ ನಳ್ಳಿ ನೀರು ತರಿಸುತ್ತೇನೆ ಎಂದು ನಾನು ಘೋಷಿಸಿದ್ದು ನೀರುದೋಸೆ ತಿನ್ನುವಾಗ. ಬೆಳುವಾಯಿಯಿಂದ ಸ್ವಲ್ಪ ಒಳಗಿರುವ ನಮ್ಮ ಕಡೆಗೆ ಒಂದು ವಾರದಿಂದ ನೀರು ಬಂದಿರಲಿಲ್ಲ.

"ಪಂಚಾಯತ್ ಮೆಂಬರ್ ಹತ್ರ ಒಂದು ಮಾತು ಕೇಳಿ" ಎಂದಳು ಹೆಂಡತಿ ಕುಸುಮ.

"ಮೆಂಬರಿಗಿಂತ ದೊಡ್ಡವ ನನ್ನ ಕಿಸೆಯಲ್ಲೇ ಉಂಟು" ಎಂದು ಮೊಬೈಲ್ ತೆಗೆದೆ.

ಚಾಟ್‌ಬಾಟ್ ಎಂಬ ಆ ಸರ್ವಜ್ಞ ಒಂದು ಕ್ಷಣವೂ ತಡವರಿಸಲಿಲ್ಲ. ಗ್ರಾಮಸಭೆಯಲ್ಲಿ ದೂರು ಕೊಡಿ. ಸಭೆ ಗುರುವಾರ ಬೆಳಗ್ಗೆ, ಮೂಡುಬಿದಿರೆಯ ಸಭಾಭವನದಲ್ಲಿ. ಖಾಲಿ ಕೊಡ ಹಿಡಿದು ಹೋದರೆ ಪರಿಣಾಮ ಹೆಚ್ಚು ಎಂದಿತು.

"ನಮ್ಮೂರ ಸಭೆ ಮೂಡುಬಿದಿರೆಯಲ್ಲಿ ಯಾಕೆ?"

"ನಿನಗೆ ಆಡಳಿತದ ವಿಷಯ ಗೊತ್ತಾಗುವುದಿಲ್ಲ."

ಅವಳು ಬರಲಿಲ್ಲ. ಪಕ್ಕದ ಮನೆಯ ಅಬ್ದುಲ್ಲನ ಓಮ್ನಿಯಲ್ಲಿ ನಾನು, ಎದುರುಮನೆಯ ಕಾವೇರಮ್ಮ, ಮತ್ತೆ ಕೊಡಗಳು ಹೊರಟೆವು. ಸಭಾಭವನದ ಬಾಗಿಲಲ್ಲಿ ನಮಗೆ ಪನ್ನೀರು ಚಿಮುಕಿಸಿದರು.

"ಗ್ರಾಮಸಭೆ ಭಾರೀ ಗೌಜಿ ಉಂಟಲ್ಲ?" ಎಂದ ಅಬ್ದುಲ್ಲ.

"ಜನಸ್ನೇಹಿ ಆಡಳಿತ" ಎಂದು ವಿವರಿಸಿದೆ.

ಒಳಗೆ ನೋಡಿದರೆ ಅಧ್ಯಕ್ಷರು ಇರಬೇಕಾದ ಕುರ್ಚಿಯಲ್ಲಿ ಮದುಮಗಳು! ತಿರುಗಿ ಓಡುವಷ್ಟರಲ್ಲಿ ಹುಡುಗಿಯ ಸೋದರಮಾವ ಧಾವಿಸಿ ಬಂದರು.

"ಮದುಮಗ ಒಳಗೆ ಬರುವ ಹೊತ್ತಿಗೆ ಎದುರಲ್ಲಿ ಖಾಲಿ ಕೊಡವಾ ಮಾರಾಯ್ರೇ? ಕೊಡಿ ಇಲ್ಲಿ."

ಅಪಶಕುನ ತಪ್ಪಿಸಲು ಅವರು ಎಲ್ಲ ಕೊಡಗಳನ್ನೂ ಅಲ್ಲಿಯ ನಳ್ಳಿಯಿಂದ ಕಂಠದವರೆಗೆ ತುಂಬಿಸಿದರು. ಮುಹೂರ್ತ ಮುಗಿದ ಕೂಡಲೇ ನಮ್ಮ ಕೈಹಿಡಿದು ಊಟಕ್ಕೆ ಕೂರಿಸಿದರು. ಯಾವ ಕಡೆಯವರು ಎಂದು ಒಬ್ಬರೂ ಕೇಳಲಿಲ್ಲ. ನಾಚಿಕೆಯಾಗಿ, ಇದ್ದ ವಿಷಯ ಹೇಳಿಬಿಡುವ ಎಂದು ಬಾಯಿ ತೆರೆದೆ.

"ಸುಮ್ಮನಿರಿ" ಎಂದು ಕಾವೇರಮ್ಮ ಮೆಲ್ಲಗೆ ಗದರಿದರು. "ಪಾಯಸ ಬರ್ತಾ ಉಂಟು."

ತುಂಬಿದ ಕೊಡಗಳನ್ನು ಮಡಿಲಲ್ಲಿ ಹಿಡಿದು, ತಿರುವು ತಿರುವಿನಲ್ಲೂ ಒದ್ದೆಯಾಗುತ್ತಾ ಮನೆಗೆ ಬಂದೆವು. ಅಂಗಳದಲ್ಲಿ ಕುಸುಮ ಪೈಪು ಹಿಡಿದು ಮಲ್ಲಿಗೆ ಗಿಡಕ್ಕೆ ನೀರು ಬಿಡುತ್ತಿದ್ದಳು.

"ನೀರು ಎಲ್ಲಿಂದ?"

"ನಳ್ಳಿಯಿಂದ. ನೀವು ಹೊರಟ ಮೇಲೆ ರಿಕ್ಷಾದಲ್ಲಿ ಮೈಕ್ ಕಟ್ಟಿಕೊಂಡು ಬಂದ್ರು. ಗ್ರಾಮಸಭೆ ಇಲ್ಲೇ, ನಮ್ಮ ಶಾಲೆಯಲ್ಲಿ ಅಂತ. ಹೋಗಿ ಹೇಳಿದೆ. ವಾಲ್ವ್ ಕೆಟ್ಟಿತ್ತಂತೆ, ಆಗಲೇ ಸರಿ ಮಾಡಿಸಿದ್ರು."

ನನ್ನ ಸಿಟ್ಟೆಲ್ಲ ಮೊಬೈಲಿನ ಮೇಲೆ ತಿರುಗಿತು. ನೀನು ಕಳಿಸಿದ್ದು ಮದುವೆಗೆ ಎಂದು ಬರೆದು ಬೈದೆ. ಅದಕ್ಕೆ ಬೇಸರವೇ ಇಲ್ಲ. ಬಂದ ಉತ್ತರವನ್ನು ಎಲ್ಲರಿಗೂ ಕೇಳುವಂತೆ ಓದಿದೆ: "ಕ್ಷಮಿಸಿ, ನೀವು ಹೇಳಿದ್ದು ಸರಿ. ನಿಮ್ಮ ಗ್ರಾಮಸಭೆ ಇರುವುದು ಭಾನುವಾರ, ಬಂಟ್ವಾಳದ ಸಭಾಭವನದಲ್ಲಿ."

"ಎಷ್ಟು ಗಂಟೆಗೆ ಹೊರಡುವ ನಿತ್ಯಾನಂದಣ್ಣ?" ಎಂದ ಅಬ್ದುಲ್ಲ, ಓಮ್ನಿಯ ಸೀಟು ಒರೆಸುತ್ತಾ.

ನಾನು ಕುಸುಮಳ ಮುಖ ನೋಡಿದೆ. ಅವಳು ನಿಧಾನಕ್ಕೆ ನಳ್ಳಿ ನಿಲ್ಲಿಸಿದಳು.

"ಈ ಸಲ ನಾನೂ ಬರ್ತೇನೆ. ಯಾವ ಸೀರೆ ಉಡಬೇಕು ಅಂತ ಅದರ ಹತ್ರವೇ ಕೇಳಿ."