ಗೌರಮ್ಮ ಆಡದ ಮಾತು

ನಾನು ಮಾಗಡಿಯ ಕಾಲೇಜೊಂದರಲ್ಲಿ ಸಮಾಜಶಾಸ್ತ್ರದ ಮೇಷ್ಟ್ರು. ಬಡ್ತಿಗೆ ಒಂದು ಸಂಶೋಧನಾ ಲೇಖನ ಬೇಕಿತ್ತು. ಅದೇನು ಮಹಾ ಅಂದುಕೊಂಡೆ! ಹೆಂಡತಿ ಸವಿತಾಳ ತವರು ಮರಳವಾಡಿಯಲ್ಲಿ ಮನೆಮನೆಗೂ ರೇಷ್ಮೆಹುಳು. 'ರೇಷ್ಮೆ ಮನೆಗಳಲ್ಲಿ ತೀರ್ಮಾನ ಯಾರದ್ದು?' ಎಂಬ ಗಹನ ಪ್ರಶ್ನೆ ಹಿಡಿದು ಹೆಂಗಸರನ್ನು ಮಾತಾಡಿಸಿದೆ, ರೆಕಾರ್ಡ್ ಮಾಡಿದೆ, ಬರೆದೆ. ಸಂಶೋಧನೆಯ ಧರ್ಮದಂತೆ ಎಲ್ಲರ ನಿಜ ಹೆಸರು ಮರೆಮಾಚಿ ಸುಳ್ಳು ಹೆಸರು ಕೊಟ್ಟೆ. ಒಬ್ಬರಿಗೆ ಗೌರಮ್ಮ ಎಂದಿಟ್ಟೆ. ಯಾರಿಗೂ ನೋವಾಗದ ಹೆಸರು!

ಪತ್ರಿಕೆಯವರು ಲೇಖನ ಹಿಂದಿರುಗಿಸಿದರು. ಮಾತಾಡಿದವರಿಗೆಲ್ಲ ಓದಿ ಹೇಳಬೇಕಂತೆ, ಅವರು ಒಪ್ಪಿದರೆ ಮಾತ್ರ ಅಚ್ಚಂತೆ. ಬಡ್ತಿಯ ಪಟ್ಟಿ ಆ ತಿಂಗಳೇ ಅಂತಿಮವಾಗುವುದಿತ್ತು. ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

"ಒಬ್ಬೊಬ್ಬರನ್ನೇ ಕೇಳಿ ರೀ," ಎಂದಳು ಸವಿತಾ.

"ಅಷ್ಟು ಪುರುಸೊತ್ತು ಯಾರಿಗಿದೆ? ಒಟ್ಟಿಗೆ ಕೂರಿಸಿದ್ರೆ ಅರ್ಧ ಗಂಟೆ ಕೆಲಸ!"

ಭಾನುವಾರ ಮಾವನ ಮನೆಯ ಜಗಲಿ ತುಂಬಿತು. ಮಾತಾಡಿದವರ ಜೊತೆ ಮಾತಾಡದವರೂ, ಅವರ ಗಂಡಂದಿರೂ ಬಂದರು. ಹುಳುವಿಗೆ ಸೊಪ್ಪು ಹಾಕುವ ಹೊತ್ತಾದ್ದರಿಂದ ಒಬ್ಬರೂ ನೆಟ್ಟಗೆ ಕೂತಿರಲಿಲ್ಲ. ನಾನು ಗಂಟಲು ಸರಿಮಾಡಿಕೊಂಡು ಓದಿದೆ: "ಗೌರಮ್ಮ ಹೇಳುತ್ತಾರೆ, ತೀರ್ಮಾನ ನನ್ನದು. ಊರಿಗೆ ಹೇಳುವ ಕೆಲಸವಷ್ಟೇ ಯಜಮಾನರದು."

ಜಗಲಿ ಗೊಳ್ಳೆಂದಿತು. ಎದುರುಮನೆಯ ಪುಟ್ಟಸ್ವಾಮಿ ಎದ್ದು ನಿಂತ. ನಾನು 'ಎದುರುಮನೆ ಅಕ್ಕ' ಎಂದೇ ಕರೆಯುತ್ತಿದ್ದ ಅವನ ಹೆಂಡತಿಯ ಹೆಸರು ಗೌರಮ್ಮ ಎಂದು ನನಗೆ ತಿಳಿದದ್ದು ಆಗಲೇ!

"ಏನಮ್ಮೀ, ಹಿಂಗಂದ್ಯಾ?"

"ದೇವ್ರಾಣೆಗೂ ಇವ್ರ ಮುಂದೆ ಬಾಯೇ ಬುಟ್ಟಿಲ್ಲ!" ಗೌರಮ್ಮ ಅಳತೊಡಗಿದಳು.

"ಅದು ಸುಳ್ಳು ಹೆಸರು ಕಣಕ್ಕಾ," ಎಂದೆ.

"ನಮ್ಮವ್ವ ಇಟ್ಟಿದ್ ಹೆಸ್ರು ಸುಳ್ಳಾ ಮೇಷ್ಟ್ರೇ?" ಅಳು ನಿಂತು ಕೋಪ ಬಂತು.

"ಸರಿ, ಜಯಮ್ಮ ಅನ್ನೋಣ," ಎಂದೆ. ಮೂಲೆಯಿಂದ ಇಬ್ಬರು ಜಯಮ್ಮಂದಿರು ಎದ್ದರು! ಹೆಸರೇ ಬೇಡ, ನಂಬರ್ ಹಾಕುತ್ತೇನೆ ಎಂದೆ.

"ಹಸುವಿನ್ ಕಿವಿಗೆ ನಂಬರ್ ಬಿಲ್ಲೆ ಹೊಡೀತಾರಲ್ಲ, ಹಂಗಾ?" ಎಂದಳು ಒಬ್ಬ ಜಯಮ್ಮ.

"ಅದಿರ್ಲಿ, ಹಂಗಂದೋರು ಯಾರು ಹೇಳ್ಬುಡಿ," ಎಂದ ಪುಟ್ಟಸ್ವಾಮಿ.

"ಪ್ರಾಣ ಹೋದರೂ ಗುಟ್ಟು ಬಿಡಲಾರೆ. ಇದು ಸಂಶೋಧಕನ ಪ್ರತಿಜ್ಞೆ!"

ಬಾಗಿಲಲ್ಲಿ ನಿಂತಿದ್ದ ನಮ್ಮತ್ತೆ ಮುಂದೆ ಬಂದರು. "ನಾನೇ ಕಣಪ್ಪ ಅಂದೋಳು! ಅಲ್ಲ ಅಳಿಯಂದ್ರೇ, ಕೆಲ್ಸ ಬುಟ್ಟು ಕೂತ್ಕಂಡು ಹೇಳಿದ್ದು ನಾನು. ನನ್ ಮಾತ್ನ ಗೌರಮ್ಮಂಗೆ ಯಾಕ್ ಕೊಟ್ರಿ?"

ಮಾವ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ಯಾರನ್ನೂ ನೋಡದೆ, ಸೊಪ್ಪು ಕುಯ್ಯಲು ತೋಟಕ್ಕೆ ಹೋದರು. ನಿಜ ಹೆಸರು ಹಾಕಿದರೆ ಮಾತ್ರ ಒಪ್ಪಿಗೆ ಎಂದರು ಹೆಂಗಸರು. ಹಾಕಿದರೆ ಊರಿಗೆ ಕಾಲಿಡಬೇಡಿ ಎಂದರು ಗಂಡಸರು. ಹುಳು ಹಸಿದಿವೆಯೆಂದು ಜಗಲಿ ಖಾಲಿಯಾಯಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ಅವಮಾನದಿಂದ ಮೈಯೆಲ್ಲ ಉರಿಯುತ್ತಿತ್ತು. ಕಿಟಕಿ ತೆಗೆದೆ, ಮುಚ್ಚಿದೆ, ಮತ್ತೆ ತೆಗೆದೆ.

"ಎಲ್ಲರೂ ಒಪ್ಪಿದ್ರು ಅಂತ ಬರೆದು ಕಳಿಸಿಬಿಡಲಾ?"

"ಏನೂ ಬೇಡ. ಲೇಖನ ವಾಪಸ್ ತಗೊಳ್ಳಿ," ಎಂದಳು ಸವಿತಾ. "ನಮ್ಮವ್ವನ ಮಾತು ಬೇರೆಯವರ ಹೆಸರಲ್ಲಿ ಅಚ್ಚಾಗೋದು ಬೇಡ. ಆ ಕಿಟಕೀನೂ ಮುಚ್ಚಿ."

ಮುಚ್ಚಿದೆ.

ಮರುದಿನ ಸ್ಟಾಫ್ ರೂಮಿನಲ್ಲಿ ಎದ್ದು ನಿಂತು ಗಂಭೀರವಾಗಿ ಸಾರಿದೆ: "ನೈತಿಕ ಕಾರಣಗಳಿಗಾಗಿ ಲೇಖನವನ್ನು ಹಿಂಪಡೆಯಲು ನಾನು ತೀರ್ಮಾನಿಸಿದ್ದೇನೆ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಬಡ್ತಿ ಹೋಯಿತು. ಅತ್ತೆಯ ಮಾತು ಮಾತ್ರ ಉಳಿಯಿತು. ತೀರ್ಮಾನ ಸವಿತಾಳದು. ಊರಿಗೆ ಹೇಳುವ ಕೆಲಸವಷ್ಟೇ ನನ್ನದು!